ಆಟದ ಪೆಟ್ಟಿಗೆಯ ಸಂಗೀತವೂ ರಸವಿಚಾರವೂ

ಸಂಗೀತದ ಮಾತು ಬಂದರೆ ಧಾರವಾಡ ಸೀಮೆಯವರಾದ ನಮಗೆ ತುಸು ಗರ್ವವೇ ಉಂಟು. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ, ಮನ್ಸೂರಿನ ಮಲ್ಲಿಕಾರ್ಜುನರು—ಈ ಹೆಸರುಗಳನ್ನು ಉಚ್ಚರಿಸುತ್ತ ಬೆಳೆದ ಮನೆತನಗಳಲ್ಲಿ ತಾವೊಂದು ಸ್ವರವನ್ನೂ ಹಾಡಲಾರದವರು ಸಹ, ಯಾವದು ಸಂಗೀತ, ಯಾವದು ಬರಿಯ ಸಪ್ಪಳ ಎಂಬುದನ್ನು ನಿರ್ಣಯಿಸುವ ಅಧಿಕಾರವು ತಮಗೆ ಹುಟ್ಟಿನಿಂದಲೇ ಬಂದಿದೆಯೆಂದು ಭಾವಿಸಿರುತ್ತಾರೆ. ಈ ಲೇಖಕನೂ ಬಹುಕಾಲ ಹಾಗೆಯೇ ಭಾವಿಸಿದ್ದನು. ಆ ಅಧಿಕಾರವನ್ನು ಚಲಾಯಿಸಿ ಒಮ್ಮೆ ಕೊಟ್ಟ ತೀರ್ಪೊಂದನ್ನು ಮೂವತ್ತು ವರ್ಷಗಳ ಮೇಲೆ ಮರುವಿಚಾರಣೆಗೆ ತೆಗೆದುಕೊಳ್ಳಬೇಕಾಗಿ ಬಂದುದರಿಂದಲೇ ಈ ಬರವಣಿಗೆ ಹುಟ್ಟಿದೆ. ವಿಷಯವು ಸಣ್ಣದು: ಮಕ್ಕಳು ಟೀವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ಆಟದ ಪೆಟ್ಟಿಗೆಯ ಹಾಡು. ಪ್ರಶ್ನೆಯು ಮಾತ್ರ ಅಷ್ಟು ಸಣ್ಣದಲ್ಲ. ಬೇರೊಂದು ಕೆಲಸದ ಚಾಕರಿಗೆಂದೇ ಹುಟ್ಟಿದ ಸಂಗೀತವನ್ನು ಸಂಗೀತವೆಂದು ಆದರಿಸಬಹುದೆ? ಅದನ್ನು ಕೇಳದೆಯೇ ತಳ್ಳಿಹಾಕಿದವನು ಮಾಡಿದ್ದು ಬರಿಯ ರುಚಿಭೇದವೋ, ಅನ್ಯಾಯವೋ?

ಮೊದಲು ಸಂಗತಿಯನ್ನು ಹೇಳಿಬಿಡುತ್ತೇನೆ. 1983ನೆಯ ಇಸವಿಯಲ್ಲಿ ಜಪಾನದ ನಿಂಟೆಂಡೊ ಕಂಪನಿಯು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ಅದರ ನಕಲುಗಳು ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಮೊದಲಾದ ಹೆಸರುಗಳಿಂದ 1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಬಂದವು. ಪೆಟ್ಟಿಗೆಯ ಬೆನ್ನಿಗೆ ತುರುಕುವ ಹಳದಿ ಬಣ್ಣದ ತುಂಡನ್ನು ಎಲ್ಲರೂ ‘ಕ್ಯಾಸೆಟ್’ ಎನ್ನುತ್ತಿದ್ದರು. ಅದರ ಮೇಲೆ ಸಾವಿರಾರು ಆಟಗಳಿವೆಯೆಂದು ಅಚ್ಚಾಗಿರುತ್ತಿತ್ತು, ಒಳಗೆ ನೋಡಿದರೆ ಅವೇ ಹತ್ತಾರು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ನನ್ನ ತಂಗಿಯ ಮಗನು ಬೇಸಿಗೆಯ ಸೂಟಿಗೆ ದೇವಿಕೊಪ್ಪದ ನಮ್ಮ ಮನೆಗೆ ಬರುವಾಗ ಇಂಥದೊಂದು ಪೆಟ್ಟಿಗೆಯನ್ನು ಹುಬ್ಬಳ್ಳಿಯಿಂದ ಹೊತ್ತು ತಂದನು. ಪಡಸಾಲೆಯ ತುಂಬ ಓಣಿಯ ಹುಡುಗರು. ಸಂಜೆಗೆ ಮಲ್ಲಿಕಾರ್ಜುನ ಮನ್ಸೂರರ ಧ್ವನಿಸುರುಳಿ ಹಚ್ಚಿಕೊಂಡು ಕೂಡ್ರುವ ರೂಢಿಯಿದ್ದ ನನಗೆ ಆ ಕೀಚು ದನಿ ಸಹನೆಯಾಗಲಿಲ್ಲ. “ಆಡ್ರಿ, ಬೇಡ ಅನ್ನೂದಿಲ್ಲ, ಸಪ್ಪಳ ಮಾತ್ರ ಬ್ಯಾಡ” ಎಂದು ಟೀವಿಯ ದನಿಯನ್ನು ಪೂರಾ ಇಳಿಸಿಬಿಟ್ಟೆ. ಆ ಸೂಟಿಯಷ್ಟೇ ಅಲ್ಲ, ಮುಂದಿನ ನಾಲ್ಕು ಬೇಸಿಗೆಗಳೂ ನಮ್ಮ ಮನೆಯಲ್ಲಿ ಆ ಆಟವು ಮೂಕವಾಗಿಯೇ ನಡೆಯಿತು.

ಈಚೆಗೆ ಆ ಹುಡುಗನು—ಈಗ ನಲವತ್ತು ದಾಟಿದ ಗೃಹಸ್ಥನು—ಊರಿಗೆ ಬಂದಾಗ ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸಿದನು. ಅದು ನಡೆಯುವದೆಂಬ ನಂಬಿಗೆ ಯಾರಿಗೂ ಇರಲಿಲ್ಲ, ನಡೆಯಿತು. ದನಿ ಇಳಿಸಲು ನಾನು ಈ ಸಲ ಏಳಲಿಲ್ಲ. ಕುತೂಹಲವೋ ವಯೋಧರ್ಮವೋ, ಕುಳಿತು ಕೇಳಿದೆ. ಕೇಳಿದ ಮೇಲೆ ಅದರ ರಚನೆಯನ್ನು ಅವನಿಂದಲೂ ಪುಸ್ತಕಗಳಿಂದಲೂ ತಿಳಿದುಕೊಂಡೆ.

ಆ ಪೆಟ್ಟಿಗೆಯ ಕಂಠದಲ್ಲಿ ಇರುವವು ಐದೇ ದನಿಗಳು. ಎರಡು ದನಿಗಳು ಚೌಕಾಕಾರದ ಅಲೆಗಳಿಂದಾದವು. ಇವುಗಳ ಅಲೆಯನ್ನು ಅಗಲ ಇಲ್ಲವೆ ಕಿರಿದು ಮಾಡಿ ದನಿಯ ಬಣ್ಣವನ್ನು ತುಸು ಬದಲಿಸಬಹುದು, ಗಟ್ಟಿತನವನ್ನು ಹದಿನಾರು ಮೆಟ್ಟಿಲುಗಳಲ್ಲಿ ಏರಿಳಿಸಬಹುದು. ಮೂರನೆಯದು ತ್ರಿಕೋನದ ಅಲೆ; ಸಾಮಾನ್ಯವಾಗಿ ಮಂದ್ರಕ್ಕೆ ನಿಯಮಿತವಾದುದು. ಇದಕ್ಕೆ ಗಟ್ಟಿ-ಮೆಲ್ಲಗೆ ಎಂಬ ಭೇದವೇ ಗೊತ್ತಿಲ್ಲ. ನುಡಿದರೆ ಒಂದೇ ತೂಕದಲ್ಲಿ ನುಡಿಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ನಾಲ್ಕನೆಯದು ಸ್ವರವೇ ಅಲ್ಲ, ಜರಡಿ ಆಡಿಸಿದಂಥ ಸದ್ದು. ತಾಳವಾದ್ಯದ ಕೆಲಸವನ್ನು ಬಹುಮಟ್ಟಿಗೆ ಇದರಿಂದಲೇ ಸಾಗಿಸಬೇಕು. ಐದನೆಯದು ಮೊದಲೇ ಹಿಡಿದಿಟ್ಟ ಚಿಕ್ಕ ಸದ್ದುಗಳನ್ನು ಮರಳಿ ನುಡಿಸತಕ್ಕದ್ದು. ನಮ್ಮ ಹುಡುಗರು ಹೆಚ್ಚಾಗಿ ಆಡುತ್ತಿದ್ದ, 1985ರಲ್ಲಿ ಹೊರಬಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವಂತೂ ಈ ಐದನೆಯ ದನಿಯನ್ನು ಮುಟ್ಟಿಯೇ ಇಲ್ಲ. ಚಿತ್ರ, ಲೆಕ್ಕಾಚಾರ, ಹಾಡು ಎಲ್ಲವೂ ಕೂಡಿ ಆ ಆಟಕ್ಕೆ ದೊರೆತ ಜಾಗವು 40 ಕಿಲೋಬೈಟು. ಇಂದಿನ ಫೋನಿನಿಂದ ತೆಗೆದ ಒಂದು ಛಾಯಾಚಿತ್ರಕ್ಕೆ ಅದರ ಹತ್ತಾರು ಪಾಲು ಜಾಗ ಬೇಕು. ಅಷ್ಟರೊಳಗೆ ಕೋಜಿ ಕೊಂಡೊ ಎಂಬ ತರುಣನು ಸ್ವರ ಕಟ್ಟಬೇಕಾಗಿತ್ತು.

ಇಷ್ಟು ಬಡತನದಲ್ಲಿ ಅವನೂ ಅವನ ಸಮಕಾಲೀನರೂ ಮಾಡಿದ ಯುಕ್ತಿಗಳಲ್ಲಿ ಒಂದನ್ನು ಹೇಳಿದರೆ ಸಂಗೀತಪ್ರಿಯರಾದ ವಾಚಕರಿಗೆ ಸಂತೋಷವಾದೀತು. ಮುಖ್ಯ ರಾಗವನ್ನು ಒಂದು ಚೌಕದನಿಯಲ್ಲಿ ನುಡಿಸಿ, ಅದನ್ನೇ ಎರಡನೆಯ ಚೌಕದನಿಯಲ್ಲಿ ಒಂದು ಕ್ಷಣ ತಡಮಾಡಿ, ಮೆತ್ತಗೆ ನುಡಿಸುವದು. ಕಿವಿಗೆ ಅದು ದೊಡ್ಡ ಗುಡಿಯೊಳಗೆ ಹಾಡಿದಾಗ ಬರುವ ಮಾರ್ದನಿಯಂತೆ ಕೇಳುತ್ತದೆ. ನನಗೆ ಅದನ್ನು ಕೇಳಿದಾಗ ನೆನಪಾದದ್ದು ಗಂಗೂಬಾಯಿಯವರ ಬೆನ್ನಹಿಂದೆ ಕುಳಿತು ಅವರ ಸ್ವರವನ್ನು ಹಿಂಬಾಲಿಸಿ ಎತ್ತಿಕೊಳ್ಳುತ್ತಿದ್ದ ಮಗಳು ಕೃಷ್ಣಾ ಅವರ ದನಿ. ಹೋಲಿಕೆಯು ಅತಿಯಾಯಿತೆಂದು ಯಾರಾದರೂ ಕೋಪಿಸಿಕೊಂಡರೆ ಅದು ಸಹಜವೇ. ನಾನು ಗುಣವನ್ನು ಹೋಲಿಸುತ್ತಿಲ್ಲ. ಒಂದು ದನಿಯು ಒಂಟಿಯಾಗಿರಬಾರದೆಂಬ ಮನುಷ್ಯನ ಬಯಕೆಯನ್ನು ಹೋಲಿಸುತ್ತಿದ್ದೇನೆ.

ಯಂತ್ರದ ದನಿಯೆಂಬ ಆಕ್ಷೇಪವಂತೂ ನಮ್ಮ ನಾಡಿಗೆ ಹೊಸದಲ್ಲ. ಹಾರ್ಮೋನಿಯಮ್ಮನ್ನು ನಮ್ಮವರು ‘ಪೇಟಿ’ ಎಂದೇ ಕರೆದರು, ಅಂದರೆ ಪೆಟ್ಟಿಗೆಯೇ. ಪೇಟಿ ಮಾಸ್ತರನಿಲ್ಲದೆ ನಾಟಕ ಕಂಪನಿಯ ಪರದೆಯು ಮೇಲೇಳುತ್ತಿರಲಿಲ್ಲ. ಆದರೂ 1940ರಲ್ಲಿ ಆಕಾಶವಾಣಿಯು ಈ ವಾದ್ಯವನ್ನು ತನ್ನ ಅಂಗಳದಿಂದ ಹೊರಹಾಕಿತು. ಮೀಂಡು ಬಾರದ, ಸ್ವರಗಳನ್ನು ಹನ್ನೆರಡು ಮನೆಗಳಲ್ಲಿ ಕೂಡಿಹಾಕಿದ ಪರದೇಶದ ಪೆಟ್ಟಿಗೆಯೆಂಬುದು ಅದರ ಮೇಲಿದ್ದ ದೂರು. 1971ರವರೆಗೆ ಅದಕ್ಕೆ ಬಾಗಿಲು ತೆರೆಯಲಿಲ್ಲ. ಧಾರವಾಡದ ಆಕಾಶವಾಣಿಯು 1950ರಲ್ಲಿ ಆರಂಭವಾದಾಗ ಈ ಸೀಮೆಯ ಪೇಟಿ ಮಾಸ್ತರರು ತಮ್ಮ ವಾದ್ಯವನ್ನು ಮನೆಯಲ್ಲಿಟ್ಟು ಅಲ್ಲಿಗೆ ಹೋಗಬೇಕಾಗಿತ್ತು. ಇಂದು ಪೇಟಿಯಿಲ್ಲದ ಬೈಠಕ್ಕನ್ನು ನೆನೆಸುವದೂ ಕಷ್ಟ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುತ್ ತಂಬೂರಿಯನ್ನು ನಿರ್ಮಿಸಿದ ಮೇಲೆ, ಅಂಥ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡೇ ಸಾವಿರಾರು ವಿದ್ಯಾರ್ಥಿಗಳು ಶ್ರುತಿ ಹಿಡಿದಿದ್ದಾರೆ. ವಿನೋದದ ಸಂಗತಿಯೆಂದರೆ, ಮೀಂಡಿನ ವಿಷಯದಲ್ಲಿ ಜಪಾನದ ಪೆಟ್ಟಿಗೆಯು ಪೇಟಿಗಿಂತ ಸಮರ್ಥವಾದುದು. ಸ್ವರವನ್ನು ನಿಯಂತ್ರಿಸುವ ಅಂಕಿಯನ್ನು ಕಿಂಚಿತ್ ಕಿಂಚಿತ್ತಾಗಿ ಬದಲಿಸಿ ಅದರಲ್ಲಿ ದನಿಯನ್ನು ಜಾರಿಸಬಹುದು, ನಡುಗಿಸಬಹುದು. ಮಾರಿಯೊ ಎಂಬ ಆ ಬೊಂಬೆ ಜಿಗಿಯುವಾಗ ಬರುವ ಸದ್ದೇ ಕೆಳಗಿನಿಂದ ಮೇಲಕ್ಕೆ ಜಾರಿದ ಒಂದು ಸ್ವರ. ಆದುದರಿಂದ ಯಂತ್ರವೆಂಬ ಕಾರಣದಿಂದ ತಿರಸ್ಕರಿಸಿದೆನೆಂಬ ನನ್ನ ಸಮಜಾಯಿಷಿಯು ನಿಲ್ಲುವಂಥದಲ್ಲ. ಗ್ರಾಮಫೋನೂ ಯಂತ್ರವೇ, ಅದರ ಮೂರು-ಮೂರೂವರೆ ನಿಮಿಷದ ತಟ್ಟೆಗೆ ತಮ್ಮ ರಾಗವನ್ನು ಮಡಿಸಿ ಕೊಟ್ಟ ಅಬ್ದುಲ್ ಕರೀಮ ಖಾನರನ್ನು ಯಾರೂ ಅಲ್ಪರೆನ್ನುವದಿಲ್ಲ.

ಇನ್ನು ಉಳಿದದ್ದು ಚಾಕರಿಯ ಆಕ್ಷೇಪ. ಇದು ನಿಜವಾಗಿ ವಿಚಾರಿಸತಕ್ಕದ್ದು. ಖ್ಯಾಲವನ್ನು ಹಾಡುವವನು ರಾಗಕ್ಕಾಗಿ ಹಾಡುತ್ತಾನೆ. ಈ ಹಾಡಾದರೋ ಆಟಕ್ಕಾಗಿ ಹುಟ್ಟಿ ಆಟದ ಹಿಂದೆ ನಡೆಯುತ್ತದೆ. ತನ್ನ ಕಾಲ ತನ್ನ ಕೈಯಲ್ಲಿಲ್ಲ. ಆಡುವ ಹುಡುಗನು ಒಂದು ಮಜಲಿನಲ್ಲಿ ಅರ್ಧ ನಿಮಿಷ ನಿಂತಾನೋ, ಐದು ನಿಮಿಷ ನಿಂತಾನೋ, ಹಾಡು ಕಟ್ಟಿದವನಿಗೆ ಗೊತ್ತಿರಲಾರದು. ಆದಕಾರಣ ಆ ಹಾಡಿಗೆ ಕೊನೆಯೆಂಬುದಿಲ್ಲ. ಕೊನೆಯ ಸ್ವರವು ಮೊದಲನೆಯದಕ್ಕೆ ಕೊಂಡಿ ಹಾಕಿಕೊಂಡು ಸುತ್ತುತ್ತದೆ. ನೂರು ಸಲ ಸುತ್ತಿದರೂ ಬೇಸರ ಹುಟ್ಟಿಸಬಾರದು, ಅಷ್ಟರಲ್ಲಿಯೇ ಕಡಿದುಹೋದರೂ ಅಪೂರ್ಣವೆನಿಸಬಾರದು. ಅಷ್ಟೇ ಅಲ್ಲ, ಬೊಂಬೆ ಜಿಗಿದಾಗಲೂ ನಾಣ್ಯ ಹಿಡಿದಾಗಲೂ ಆ ಸದ್ದಿಗೆ ಎಡೆಮಾಡಿಕೊಡಲು ಇರುವ ಕೆಲವೇ ದನಿಗಳಲ್ಲಿ ಒಂದು ಕ್ಷಣಮಾತ್ರ ಸರಿದು ನಿಲ್ಲಬೇಕಾಗುತ್ತದೆ; ಅಂದರೆ ಹಾಡು ತನ್ನ ಮೈಯ ತುಂಡನ್ನೇ ಆಟಕ್ಕೆ ಕಿತ್ತುಕೊಡುತ್ತದೆ. ಗೊತ್ತುಪಡಿಸಿದ ಕಾಲದಲ್ಲಿ ನೂರು ಎಣಿಕೆ ಮಾತ್ರ ಉಳಿದಾಗ ಅದೇ ಹಾಡು ಲಯ ಏರಿಸಿ ಓಡತೊಡಗುತ್ತದೆ. ಈ ಪದ್ಧತಿಯ ಮೂಲವನ್ನು ಇನ್ನೂ ಹಿಂದೆ, 1978ರ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಕಾಣಬಹುದು: ನಾಲ್ಕೇ ನಾಲ್ಕು ಮಂದ್ರಸ್ವರಗಳು ಇಳಿಯುತ್ತ ಮರಳಿ ಮರಳಿ ಬರುವವು, ವೈರಿಗಳು ಕಡಿಮೆಯಾದಂತೆ ವೇಗ ಹೆಚ್ಚಿಸುವವು. ವಿಲಂಬಿತದಿಂದ ದ್ರುತಕ್ಕೆ ಹೋಗುವದು ನಮಗೆ ಗೊತ್ತಿದ್ದುದೇ; ಇಲ್ಲಿ ಹಾಗೆ ಹೋಗಿಸುವವನು ಗವಾಯಿಯಲ್ಲ, ಎದುರಿಗೆ ನಿಂತ ಅಪಾಯ.

ಇದನ್ನೆಲ್ಲ ಮೊದಲು ಗುರುತಿಸಿದವಳು ನಾನಲ್ಲ, ನನ್ನ ಅವ್ವ. ವಯಸ್ಸು ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿ ಟೀವಿಯ ಚಿತ್ರವು ಆಕೆಗೆ ಕಾಣುವದಿಲ್ಲ. ಮೊಮ್ಮಗನು ಆಡುತ್ತಿದ್ದಾಗ ಗೋಡೆಗೆ ಒರಗಿ ಕೇಳುತ್ತಿದ್ದಳು. ಬಹಳ ಹೊತ್ತಿನ ಮೇಲೆ, “ಇದು ಬೀಸೂ ಪದ ಇದ್ದಾಂಗ ಐತಿ ನೋಡು. ತನಗ ತಾನ ಮುಗಿಯೂದಿಲ್ಲ, ಜ್ವಾಳ ತೀರಿದ್ರ ಅಷ್ಟ ನಿಂದರತೈತಿ” ಅಂದಳು. ಬೀಸುವ ಹಾಡನ್ನು ಬೀಸುತ್ತ ಕಲಿತವಳು ಆಕೆ. ಕಲ್ಲಿನ ಒಂದು ಸುತ್ತು ಹಾಡಿನ ಒಂದು ನಡೆ. ಬಾಯಿಗೆ ಕಾಳು ಹಾಕುವ ಕ್ಷಣದಲ್ಲಿ ದನಿ ತಡೆದು, ಮತ್ತೆ ಎತ್ತಿಕೊಳ್ಳುವದು. ನಾಣ್ಯದ ಸದ್ದಿಗೆ ದನಿ ಸರಿದು ನಿಲ್ಲುವ ಮಾತನ್ನು ನಾನು ವಿವರಿಸಿದಾಗ ಆಕೆಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ.

ಕೆಲಸಕ್ಕೆ ಅಂಟಿಕೊಂಡ ಹಾಡು ಕೀಳಾದರೆ ನಮ್ಮ ಜೋಗುಳವೂ ಕೀಳಾಗಬೇಕು. ಅದು ಕೂಸಿನ ನಿದ್ದೆಯ ಚಾಕರಿ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ದೂರದೂರದವರು ಬಂದು ಕೊಳ್ಳುತ್ತಾರೆ, ಅದು ಕಲೆಯೆಂದು ಹೊಗಳುತ್ತಾರೆ. ಅದರ ತೂಗಿಗೆ ತಕ್ಕಂತೆ ಹಾಡಿದ ತಾಯಿಯ ದನಿಯನ್ನು ಕಲೆಯೆನ್ನಲು ಮಾತ್ರ ಹಿಂಜರಿಯುತ್ತಾರೆ. ಬೀಸುವ ಕಲ್ಲಿನ ಪದಗಳ ಗತಿಯೂ ಹಾಗೆಯೇ ಇತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಅಚ್ಚು ಹಾಕಿಸುವವರೆಗೆ ಓದುಬರಹದವರ ಮನೆಗಳಲ್ಲಿ ಅವುಗಳನ್ನು ಸಾಹಿತ್ಯವೆಂದು ಎಣಿಸಿದವರು ವಿರಳ. ಹಾಡುತ್ತಿದ್ದವರು ಅದೇ ಮನೆಯ ನಡುಮನೆಯಲ್ಲಿದ್ದರು, ನಿರ್ಣಯಿಸುವವರು ಪಡಸಾಲೆಯಲ್ಲಿದ್ದರು. ಸವಾಯಿ ಗಂಧರ್ವರು ಸಹ ಮರಾಠಿ ನಾಟಕಮಂಡಳಿಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಹಾಡಿದವರೆಂಬುದನ್ನು ಈ ಸಂದರ್ಭದಲ್ಲಿ ಮರೆಯಬಾರದು. ಅಲ್ಲಿಯ ಹಾಡು ಕಥೆಯ ಚಾಕರಿಯಲ್ಲಿತ್ತು.

ಆದರೆ ನ್ಯಾಯವಾಗಿ ನೋಡಿದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಅದನ್ನು ಮುಚ್ಚುವದು ಸರಿಯಲ್ಲ. ಬೀಸುವವಳು ತನ್ನ ದಣಿವನ್ನು ತಾನೇ ಹಾಡಿ ಕಳೆದುಕೊಂಡಳು. ಆಟದ ಹಾಡನ್ನಾದರೋ ಒಂದು ಕಂಪನಿಯು ಸಂಬಳ ಕೊಟ್ಟು ಕಟ್ಟಿಸಿತು, ಹುಡುಗನು ಟೀವಿಯ ಮುಂದಿನಿಂದ ಏಳಬಾರದೆಂಬುದೂ ಅದರ ಉದ್ದೇಶಗಳಲ್ಲೊಂದಾಗಿತ್ತು. ಓದುವ ಹೊತ್ತನ್ನು ಅದು ತಿಂದಿತೆಂಬ ತಾಯಿತಂದೆಗಳ ದೂರು ಸುಳ್ಳಲ್ಲ. ನಾಟಕ ಕಂಪನಿಯೂ ತಿಕೀಟು ಮಾರಿತು, ಹುಡುಗರ ರಾತ್ರಿಯ ನಿದ್ದೆಯನ್ನು ಅದೂ ತಿಂದಿತು ಎಂದು ಉತ್ತರ ಹೇಳಬಹುದು. ಆದರೆ ಆ ಉತ್ತರದಿಂದ ನನ್ನ ಮನಸ್ಸು ಪೂರ್ಣವಾಗಿ ಒಪ್ಪಿಲ್ಲ. ಹಾಡಿಸಿದವನ ಉದ್ದೇಶ ಬೇರೆ, ಹಾಡು ಕಟ್ಟಿದವನ ಶ್ರದ್ಧೆ ಬೇರೆ ಎಂದಷ್ಟೇ ಹೇಳಬಲ್ಲೆ. ಶ್ರದ್ಧೆಯ ಗುರುತುಗಳು ಆ ಹಾಡಿನಲ್ಲಿ ಕೇಳುತ್ತವೆ: ನೆಲದಡಿಯ ಮಜಲಿಗೆ ಬಂದಾಗ ನಾಲ್ಕಾರು ಸ್ವರ ನುಡಿದು ದೀರ್ಘವಾಗಿ ಮೌನ ಬಿಡುವದು, ನೀರಿನೊಳಗಿನ ಮಜಲಿಗೆ ಮೂರು ಮಾತ್ರೆಯ ತೂಗು ನಡೆಯನ್ನು ಆರಿಸುವದು—ಇವುಗಳನ್ನು ಮಾಡದಿದ್ದರೂ ಆಟವು ಮಾರಾಟವಾಗುತ್ತಿತ್ತು.

ಇನ್ನೊಂದು ತೊಡಕು ಕೇಳುವವನ ಕಡೆಯದು. ರಸಾಸ್ವಾದಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು, ಕೇಳುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವದನ್ನು ಅವುಗಳಲ್ಲೊಂದಾಗಿ ಹೇಳಿದ್ದಾನೆ. ಆಡುವ ಹುಡುಗನು ಗೆಲುವು ಸೋಲುಗಳಲ್ಲಿ ಮುಳುಗಿರುತ್ತಾನೆ, ಅವನಿಗೆ ಆಸ್ವಾದವೆಲ್ಲಿ? ಜರ್ಮನಿಯ ತತ್ತ್ವಜ್ಞಾನಿ ಕ್ಯಾಂಟನು ಸಹ ಸೌಂದರ್ಯದ ಆನಂದಕ್ಕೆ ಸ್ವಾರ್ಥದ ಸೋಂಕಿರಬಾರದೆಂದನು. (ಅದೇ 1790ರ ಗ್ರಂಥದಲ್ಲಿ ಅವನು, ಸಂಗೀತವು ಕರೆಯದಿದ್ದರೂ ನೆರೆಮನೆಯವರ ಕಿವಿಗೆ ನುಗ್ಗುವದರಿಂದ ಅದಕ್ಕೆ ಸಭ್ಯತೆ ಸಾಲದೆಂದೂ ದೂರಿದ್ದಾನೆ. ಟೀವಿಯ ದನಿ ಇಳಿಸಿದ ದಿನ ನಾನು ಇಂಥ ದೊಡ್ಡವರ ಪಕ್ಷದಲ್ಲಿದ್ದೆನೆಂಬುದು ಈಗ ಸಮಾಧಾನ ಕೊಡುವದಿಲ್ಲ.) ಆದರೆ ನಮ್ಮ ಪಡಸಾಲೆಯ ದೃಶ್ಯವನ್ನು ಮರಳಿ ನೆನೆಸಿದಾಗ ಆಗ ಕಾಣದ ಸಂಗತಿಯೊಂದು ಕಾಣುತ್ತದೆ. ಹಿಡಿಕೆಗಳು ಎರಡು, ಈ ಆಟದಲ್ಲಿ ಒಂದು ಹೊತ್ತಿಗೆ ಆಡುವವನು ಒಬ್ಬನೇ, ಕುಳಿತ ಹುಡುಗರು ಏಳೆಂಟು. ಉಳಿದವರೆಲ್ಲ ತಮ್ಮ ಪಾಳಿಗಾಗಿ ಕಾದಿದ್ದರು. ಗೆಲುವು ಅವರದಲ್ಲ, ಸೋಲೂ ಅವರದಲ್ಲ. ಕೈ ಬಿಡುವಾಗಿತ್ತು, ಕಿವಿ ತೆರೆದಿತ್ತು. ಸಹೃದಯರೆಂಬವರು ಯಾರಾದರೂ ಅಲ್ಲಿದ್ದರೆ ಈ ಕಾಯುವವರೇ. ನಾನು ದನಿ ಇಳಿಸಿ ಕಸಿದದ್ದು ಆಡುವವನಿಂದಲ್ಲ, ಇವರಿಂದ.

ದೊಡ್ಡವರಾದ ಮೇಲೆ ಅವರು ಇದೇ ಹಾಡನ್ನು ಆಟವಿಲ್ಲದೆ ಕೇಳುತ್ತಾರೆ. ಕಣ್ಣಿನಲ್ಲಿ ನೀರು ತರುತ್ತಾರೆ. ಅಲ್ಲಿ ಅಭಿನವಗುಪ್ತನ ವಿಘ್ನವು ಬೇರೆ ವೇಷದಿಂದ ಬರುತ್ತದೆ. ಅವರು ಆಸ್ವಾದಿಸುವದು ಹಾಡನ್ನೋ, ಕಳೆದುಹೋದ ಬೇಸಿಗೆಯನ್ನೋ? ಅಳಿಯನನ್ನೇ ಕೇಳಿದೆ. ಅವನು ಬಹಳ ಯೋಚಿಸಿ, ಎರಡನ್ನೂ ಬಿಡಿಸಲು ತನಗೆ ಆಗುವದಿಲ್ಲವೆಂದನು. ನೆನಪಿಲ್ಲದ ಕಿವಿ ನಮ್ಮ ಮನೆಯಲ್ಲಿ ಅವ್ವನದೊಂದೇ. ಆದರೆ ಆಕೆಯೂ ಅದರಲ್ಲಿ ಕೇಳಿದ್ದು ತನ್ನ ಬೀಸುವ ಕಲ್ಲನ್ನೇ. ನೆನಪಿನ ಸೋಂಕಿಲ್ಲದ ಕೇಳುವಿಕೆಯೆಂಬುದು ಇದೆಯೋ ಇಲ್ಲವೋ. ಇದ್ದರೆ ಅದು ಕೇಳುವವನ ಬಡತನವೇ ಆಗಿರಬಹುದೆಂದು ನನಗೆ ಈಗ ತೋರುತ್ತದೆ.

ಲೋಕವು ಈ ಸಂಗೀತಕ್ಕೆ ಈಗ ಮನ್ನಣೆ ಕೊಟ್ಟಿದೆ. 1987ರಲ್ಲಿಯೇ ಟೋಕಿಯೋದಲ್ಲಿ ಕೊಯಿಚಿ ಸುಗಿಯಾಮಾ ಅವರ ‘ಡ್ರಾಗನ್ ಕ್ವೆಸ್ಟ್’ ಸಂಗೀತವನ್ನು ದೊಡ್ಡ ವಾದ್ಯವೃಂದವು ನುಡಿಸಿತು. 2022ರಲ್ಲಿ ಲಂಡನ್ನಿನ ಪ್ರಸಿದ್ಧ ಪ್ರಾಮ್ಸ್ ಉತ್ಸವದಲ್ಲಿ ಮೊದಲ ಬಾರಿಗೆ ಇಡಿಯ ಸಂಜೆಯೊಂದನ್ನು ಆಟಗಳ ಸಂಗೀತಕ್ಕೆ ಮೀಸಲಿಟ್ಟರು. 2023ರಲ್ಲಿ ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾನು ಕಾದಿಡತಕ್ಕ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಕೊಂಡೊನ ಮಾರಿಯೊ ಹಾಡನ್ನು ಸೇರಿಸಿತು. ಆಟವೊಂದರ ಹಾಡಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಇವುಗಳಿಂದ ನನ್ನ ಅಭಿಪ್ರಾಯ ಬದಲಾಯಿತೆಂದು ಯಾರೂ ತಿಳಿಯಬಾರದು. ಪರದೇಶದವರು ಮೆಚ್ಚಿದ ಮೇಲೆ ಮೆಚ್ಚುವದು ನಮ್ಮ ಹಳೆಯ ಚಾಳಿ. ವಾದ್ಯವೃಂದದ ನೂರು ವಾದ್ಯಗಳಿಂದ ಬಂದ ಅದೇ ಹಾಡನ್ನು ಅಳಿಯನು ಫೋನಿನಲ್ಲಿ ಕೇಳಿಸಿದನು. ಚೆನ್ನಾಗಿತ್ತು, ಶ್ರೀಮಂತವಾಗಿತ್ತು, ಆದರೆ ಜಿಗಿಯುವವನಿಲ್ಲದ್ದರಿಂದ ಅದು ಯಾರಿಗೂ ದಾರಿ ಬಿಡಲಿಲ್ಲ. ಅಚ್ಚಾದ ಗರತಿಯ ಹಾಡನ್ನು ಓದುವಾಗಲೂ ಹೀಗೆಯೇ ಆಗುತ್ತದೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅವ್ವನ ಕೈಗೆ ವಿಶ್ರಾಂತಿ ಸಿಕ್ಕಿತು. ಅದನ್ನು ಯಾರೂ ಕೆಡುಕೆನ್ನಲಾರರು. ಹಾಡು ಮಾತ್ರ ನಿಂತುಹೋಯಿತು. ಪುಸ್ತಕದಲ್ಲಿ ಅದು ಉಳಿದಿದೆ. ಕಾಳು ಹಾಕುವ ಆ ತಡೆಯು ಪುಸ್ತಕದಲ್ಲಿಲ್ಲ.

ಆ ದಿನ ಸಂಜೆ ಅಳಿಯನಿಗೆ, “ನಿನಗ ಆಗ ಹಾಡು ಕೇಳಿಸಲಾರದ ಹೆಂಗ ಆಡತಿದ್ದೆಪಾ?” ಎಂದು ಕೇಳಿದೆ.

“ಮಾಮಾ, ನೀವು ದನಿ ಬಂದ್ ಮಾಡತಿದ್ರಿ. ಅದಕ್ಕ ಹುಬ್ಬಳ್ಳ್ಯಾಗ ಗೆಳೆಯನ ಮನ್ಯಾಗ ಕೇಳಿದ್ದನ್ನ ನಾನ ಬಾಯಿಲೆ ಹಾಡಕೊಂತ ಆಡತಿದ್ದೆ. ಹುಡುಗರೂ ಕೂಡತಿದ್ರು. ನೀವು ಒಳಗಿಂದ ಬಂದ್ರ ಸುಮ್ಮನಾಗತಿದ್ವಿ.”

ಹಾಡಿ ತೋರಿಸೆಂದೆ. ನಾಚುತ್ತ ಹಾಡಿದನು. ಅದೇ ಹಾಡು, ಆದರೆ ನಡುವೆ ಒಂದೆಡೆ ಪೆಟ್ಟಿಗೆಯ ಸ್ವರಕ್ಕಿಂತ ಬೇರೆಯಾದ ಸ್ವರವೊಂದನ್ನು ಹಿಡಿದನು. ತಪ್ಪಿದೆಯೆಂದು ನಾನೂ ಗುರುತಿಸಿದೆ, ಅವನೂ ಗುರುತಿಸಿದನು. ಮರಳಿ ಹಾಡುವಾಗಲೂ ಅವನ ದನಿ ಅಲ್ಲಿಗೇ ಹೋಯಿತು. ಈ ಓಣಿಯಲ್ಲಿ ಆ ಕಾಲದ ಹುಡುಗರೆಲ್ಲರೂ ಹಾಗೆಯೇ ಹಾಡುತ್ತಾರಂತೆ. ನಮ್ಮ ಪಡಸಾಲೆಯಲ್ಲಿ ಕಲಿತದ್ದು.